ದುಡ್ಡು ಸರ್ಕಾರದ್ದು, ಷರತ್ತು ಮಗುವಿಗೆ

(ಗೋಣಿಕೊಪ್ಪಲಿನಲ್ಲಿ ಪೋಷಕರು ಮತ್ತು ಶಿಕ್ಷಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಖಾಸಗಿ ಶಾಲೆಗಳಿಗೆ ಸರ್ಕಾರ ದುಡ್ಡು ಕೊಡಬೇಕಾ, ಬೇಡವಾ ಅಂತ ನೀವು ವಿಷಯ ಕೊಟ್ಟಿದ್ದೀರಿ. ಈ ಪ್ರಶ್ನೆಗೆ ಕೈ ಎತ್ತಿಸಿದರೆ ಸಭೆ ಎರಡು ಪಾಲಾಗುತ್ತದೆ. ಒಂದಷ್ಟು ವಾದ ಆಗುತ್ತದೆ. ಆಮೇಲೆ ಕಾಫಿ ಕುಡಿದು ಮನೆಗೆ ಹೋಗುತ್ತೇವೆ. ಯಾಕೆಂದರೆ ದುಡ್ಡು ಆಗಲೇ ಹೋಗುತ್ತಿದೆ, ಇವತ್ತು ನಿನ್ನೆಯಿಂದಲ್ಲ. ಅದಕ್ಕೆ ನಾನೇ ಸಾಕ್ಷಿ. ನಾನು ಪಾಠ ಮಾಡಿದ್ದು ಅನುದಾನಿತ ಪ್ರೌಢಶಾಲೆಯಲ್ಲಿ. ಕಟ್ಟಡ ಆಡಳಿತ ಮಂಡಳಿಯದ್ದು, ಆಟದ ಮೈದಾನ ಅವರದ್ದು, ಸಂಬಳ ಮಾತ್ರ ಸರ್ಕಾರದ್ದು. ಈಗ ಬರುವ ಪಿಂಚಣಿಯೂ ಸರ್ಕಾರದ್ದೇ. ಖಾಸಗಿಗೆ ಒಂದು ಪೈಸೆ ಕೊಡಬಾರದು ಅಂತ ನಾನು ಇಲ್ಲಿ ನಿಂತು ಗುಡುಗಿದರೆ, ಮುಂದಿನ ಸಾಲಿನಲ್ಲಿ ಕೂತಿರುವ ಹಳೇ ಸಹೋದ್ಯೋಗಿಗಳೇ ಮೊದಲು ನಗುತ್ತಾರೆ.

ನನ್ನ ಪ್ರಶ್ನೆ ಬೇರೆ. ಸರ್ಕಾರ ಸುಮ್ನೆ ದುಡ್ಡು ಕೊಡುವುದಿಲ್ಲ, ಷರತ್ತು ಹಾಕುತ್ತದೆ. ಆ ಷರತ್ತಿನ ಭಾರ ಯಾರ ತಲೆ ಮೇಲೆ ಕೂರುತ್ತದೆ? ಶಾಲೆಯ ಮೇಲೋ, ಮಗುವಿನ ಮೇಲೋ? ಕೊಡಗಿನ ಮಟ್ಟಿಗೆ ನಾನು ಕಂಡ ಉತ್ತರ ಇದು: ದುಡ್ಡು ಸಂಸ್ಥೆಗೆ ಹೋಗುವಾಗ ಷರತ್ತು ಸಡಿಲ. ಅದೇ ದುಡ್ಡು ಬಡ ಮಗುವಿನ ಕೈಗೆ ಹೋಗಬೇಕಾದರೆ ಷರತ್ತು ಬಿಗಿ. ಇದು ತಿರುಗುಮುರುಗು ಆಗಬೇಕು ಅನ್ನುವುದೇ ನನ್ನ ವಾದ.

ಸ್ವಲ್ಪ ಹಿಂದಕ್ಕೆ ಹೋಗೋಣ. ಖಾಸಗಿಯವರು ನಡೆಸುವ ಶಾಲೆಗೆ ಸರ್ಕಾರ ಸಹಾಯಧನ ಕೊಡುವ ಪದ್ಧತಿ ನಮ್ಮಲ್ಲಿ ಬೇರೂರಿದ್ದು 1854ರಲ್ಲಿ ಲಂಡನ್ನಿನಿಂದ, ಆಗ ಅಲ್ಲಿ ಭಾರತದ ಆಡಳಿತದ ಉಸ್ತುವಾರಿ ಹೊತ್ತಿದ್ದ ಚಾರ್ಲ್ಸ್ ವುಡ್ ಕಳಿಸಿದ ಆದೇಶದಿಂದ. ಎಲ್ಲ ಕಡೆ ತಾನೇ ಶಾಲೆ ಕಟ್ಟುವುದು ಸರ್ಕಾರದ ಕೈಲಾಗದು, ನಡೆಸುವವರಿಗೆ ನೆರವು ಕೊಡೋಣ ಅನ್ನುವ ಲೆಕ್ಕ. ಅದಕ್ಕೆ ಷರತ್ತುಗಳೂ ಇದ್ದವು. ತಪಾಸಣೆಗೆ ಬಾಗಿಲು ತೆರೆದಿರಬೇಕು, ಮಕ್ಕಳಿಂದ ಸ್ವಲ್ಪವಾದರೂ ಶುಲ್ಕ ತೆಗೆದುಕೊಳ್ಳಬೇಕು. ಹೌದು, ಶುಲ್ಕ ತಗೊಳ್ಳಲೇಬೇಕು ಅನ್ನುವುದೇ ಷರತ್ತು! ಕೊಡಗು ಆಗಲೇ ಬ್ರಿಟಿಷರ ಕೈಸೇರಿ ಇಪ್ಪತ್ತು ವರ್ಷ ಆಗಿತ್ತು. ಕ್ರೈಸ್ತ ಧರ್ಮಪ್ರಚಾರಕರ ಬಾಸೆಲ್ ಮಿಶನ್ನಿನ ಮೊಗ್ಲಿಂಗ್ 1853ರಲ್ಲಿ ಇಲ್ಲಿಗೆ ಬಂದಿದ್ದರು. ಅದೇ ಮಿಶನ್ನಿನ ರಿಕ್ಟರ್ ಮುಂದೆ ಮಡಿಕೇರಿಯ ಸರ್ಕಾರಿ ಶಾಲೆಗೇ ಮುಖ್ಯಸ್ಥರಾದರು. ಮಿಶನ್ನಿನವರು ಸರ್ಕಾರಿ ಶಾಲೆ ನಡೆಸುತ್ತಾರೆ, ಸರ್ಕಾರ ಖಾಸಗಿ ಶಾಲೆಗೆ ದುಡ್ಡು ಕೊಡುತ್ತದೆ. ಇದು ಸರ್ಕಾರಿ, ಇದು ಖಾಸಗಿ ಅಂತ ನಾವು ಈಗ ಎಳೆಯುವ ಗೆರೆ ಆಗಲೂ ಅಷ್ಟು ನೇರವಾಗಿರಲಿಲ್ಲ.

ಅನುದಾನದ ಈಗಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ನಿಮಗೆಲ್ಲ ಗೊತ್ತಿರುವುದೇ. ಹಳೇ ಶಾಲೆಗಳಿಗೆ ಸಂಬಳ ಬರುತ್ತದೆ, ಬಿಸಿಯೂಟ ಬರುತ್ತದೆ, ಪಠ್ಯಪುಸ್ತಕ ಬರುತ್ತದೆ. 1995ರ ನಂತರ ಶುರುವಾದ ಕನ್ನಡ ಶಾಲೆಗಳು ಅನುದಾನ ಕೊಡಿ ಅಂತ ವರ್ಷಗಟ್ಟಲೆಯಿಂದ ಕೇಳುತ್ತಿವೆ. ಅನುದಾನ ಇರುವ ಕಡೆ ಮೇಷ್ಟ್ರು ನಿವೃತ್ತರಾದರೆ ಆ ಜಾಗ ತುಂಬಲು ಅನುಮತಿ ಸುಲಭವಾಗಿ ಬರುವುದಿಲ್ಲ. ಆಗ ಆಡಳಿತ ಮಂಡಳಿ ತಾತ್ಕಾಲಿಕವಾಗಿ ಯಾರನ್ನೋ ಇಟ್ಟುಕೊಂಡು, ಆ ಸಂಬಳವನ್ನು ಪೋಷಕರಿಂದ ಎತ್ತುತ್ತದೆ. ಹೆಸರು ಅನುದಾನಿತ, ಆದರೆ ಶುಲ್ಕ ಇದ್ದೇ ಇದೆ.

ನಿಜವಾಗಿ ಬಿಡಿಸಿ ನೋಡಬೇಕಾದದ್ದು ಆರ್‌ಟಿಇ ಸೀಟಿನ ಕಥೆ. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. ಅದರ 12(1)(ಸಿ) ಕಲಮಿನ ಪ್ರಕಾರ ಅನುದಾನ ಪಡೆಯದ ಖಾಸಗಿ ಶಾಲೆ ಕೂಡ ಪ್ರವೇಶದ ತರಗತಿಯಲ್ಲಿ ಶೇಕಡಾ 25 ಸೀಟು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಬಿಡಬೇಕು. ಅವರ ಖರ್ಚನ್ನು ಸರ್ಕಾರ ಶಾಲೆಗೆ ಕಟ್ಟಿಕೊಡುತ್ತದೆ. ಶಾಲೆಗಳು ಕೋರ್ಟಿಗೆ ಹೋದವು. 2012ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು, ಅನುದಾನವಿಲ್ಲದ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಮಾತ್ರ ಹೊರಗಿಟ್ಟಿತು. 2014ರಲ್ಲಿ ಅನುದಾನಿತ ಅಲ್ಪಸಂಖ್ಯಾತ ಸಂಸ್ಥೆಗಳಿಗೂ ವಿನಾಯಿತಿ ಸಿಕ್ಕಿತು. ಕರ್ನಾಟಕದಲ್ಲಿ 2012-13ರಿಂದ ಮಕ್ಕಳು ಸೇರಿದರು. ಮೊದಲು 1ನೇ ತರಗತಿಯ ಮಗುವಿಗೆ ವರ್ಷಕ್ಕೆ 11,848 ರೂಪಾಯಿ, ಎಲ್‌ಕೆಜಿ ಮಗುವಿಗೆ 5,924 ರೂಪಾಯಿ ಮಿತಿ ಇತ್ತು. ಆಮೇಲೆ ಅದು 16,000 ಮತ್ತು 8,000 ಆಯಿತು. ಸರ್ಕಾರದ ಲೆಕ್ಕ, ಶಾಲೆಯ ನಿಜವಾದ ಶುಲ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು.

ಈಗ ಕೊಡಗಿನ ನಕ್ಷೆ ನೆನಪು ಮಾಡಿಕೊಳ್ಳಿ. ಸೀಟು ಕೊಡುವಾಗ ನೆರೆಹೊರೆಯ ಮಗು ಅನ್ನುವ ನಿಯಮ ಇದೆ. ಪಟ್ಟಣದಲ್ಲಿ ಅದೇ ವಾರ್ಡ್, ಹಳ್ಳಿಯಲ್ಲಿ ಅದೇ ಗ್ರಾಮ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇದಕ್ಕೆ ಅರ್ಥ ಇದೆ, ಒಂದೊಂದು ವಾರ್ಡಿನಲ್ಲೂ ನಾಲ್ಕಾರು ಶಾಲೆ ಸಿಗುತ್ತವೆ. ನಮ್ಮಲ್ಲಿ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳು ಹೆಚ್ಚಾಗಿ ಇರುವುದು ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆಯ ಆಸುಪಾಸಿನಲ್ಲಿ. ಮಾಲ್ದಾರೆಯ ಲೈನ್ ಮನೆಯ (ತೋಟದ ಕೂಲಿಯವರ ಸಾಲು ಮನೆ) ಮಗುವಿಗೆ, ಬಿರುನಾಣಿಯ ಮಗುವಿಗೆ, ಚೆನ್ನಯ್ಯನಕೋಟೆಯ ಆದಿವಾಸಿ ಹಾಡಿಯ ಮಗುವಿಗೆ ನೆರೆಹೊರೆಯಲ್ಲಿ ಸಿಗುವುದು ಕಾಫಿ ತೋಟ, ಕಾಡು, ಆನೆ. ಹಾಗಾಗಿ ನಾನು ನೋಡಿದ ಮಟ್ಟಿಗೆ ಈ ಸೀಟುಗಳಿಂದ ಉಪಕಾರ ಆದದ್ದು ಪೇಟೆಯಲ್ಲಿ ಮನೆ ಇದ್ದವರಿಗೆ. ಅವರಲ್ಲೂ ಬಡವರಿದ್ದರು, ಇಲ್ಲ ಅನ್ನುವುದಿಲ್ಲ. ಆಟೋ ಓಡಿಸುವವರ ಮಕ್ಕಳು, ಹೋಟೆಲ್ ಕೆಲಸದವರ ಮಕ್ಕಳು ಸೇರಿದರು, ಚೆನ್ನಾಗಿಯೂ ಓದಿದರು. ಆದರೆ ಜಿಲ್ಲೆಯ ಅತಿ ಬಡ ಮಗು ಆ ಸಾಲಿನಲ್ಲೇ ಇರಲಿಲ್ಲ. ಇನ್ನು ವ್ಯಾನಿನ ಬಾಡಿಗೆ? ಅದು ಸರ್ಕಾರದ ಮರುಪಾವತಿಯ ಲೆಕ್ಕದಲ್ಲಿ ಇಲ್ಲ. ಬೋಧನಾ ಶುಲ್ಕ ಇಲ್ಲ ಅಂದರೂ ವ್ಯಾನಿನ ಬಾಡಿಗೆ ಕೇಳಿಯೇ ಹಿಂದೆ ಸರಿದವರು ಇದ್ದಾರೆ.

2018ರ ಕೊನೆಯ ಹೊತ್ತಿಗೆ ರಾಜ್ಯ ಸರ್ಕಾರ ನಿಯಮ ಬದಲಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟಿಗೆ ಸರ್ಕಾರ ಮಗುವನ್ನು ಕಳಿಸುವುದಿಲ್ಲ. 2019ರ ಮೇ 31ರಂದು ಹೈಕೋರ್ಟ್ ಇದನ್ನು ಒಪ್ಪಿತು. ಒಂದೂವರೆ ಲಕ್ಷದ ಹತ್ತಿರ ಇದ್ದ ಸೀಟು ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರಕ್ಕಿಂತ ಕೆಳಗೆ ಬಿತ್ತು. ಸರ್ಕಾರದ ವಾದದಲ್ಲಿ ಹುರುಳಿಲ್ಲದೆ ಇಲ್ಲ. ನಮ್ಮದೇ ಶಾಲೆ ಪಕ್ಕದಲ್ಲಿ ಖಾಲಿ ಬೀಳುತ್ತಿರುವಾಗ ಖಾಸಗಿಗೆ ಯಾಕೆ ದುಡ್ಡು ಕಟ್ಟಬೇಕು? ಕೊಡಗಿನಲ್ಲಿ ಹತ್ತು ಮಕ್ಕಳೂ ಇಲ್ಲದ ಶಾಲೆಗಳನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಆದರೆ ಆ ಉಳಿದ ದುಡ್ಡು ಪಕ್ಕದ ಶಾಲೆಗೆ ಹೆಚ್ಚುವರಿ ಮೇಷ್ಟ್ರಾಗಿ, ಹೊಸ ಹೆಂಚಾಗಿ ಬಂತಾ? ನನಗಂತೂ ಕಾಣಲಿಲ್ಲ. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಇಂಥದ್ದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ ಕೂಡ ಆ ತೀರ್ಪಿನಲ್ಲಿ ಕೈ ಹಾಕಲಿಲ್ಲ. ಒಂದೇ ಕಾಯ್ದೆ, ಎರಡು ರಾಜ್ಯ, ಎರಡು ಉತ್ತರ.

ಇಲ್ಲಿ ಯಾರೂ ಜಾಸ್ತಿ ಮಾತಾಡದ ಒಂದು ಸಂಗತಿ ಇದೆ. ಕಾಯ್ದೆಯ ಲೆಕ್ಕ 14 ವರ್ಷಕ್ಕೆ, ಅಂದರೆ 8ನೇ ತರಗತಿಗೆ ಮುಗಿಯುತ್ತದೆ. 2012-13ರಲ್ಲಿ 1ನೇ ತರಗತಿ ಸೇರಿದ ಮಗು 9ನೇ ತರಗತಿಗೆ ಕಾಲಿಟ್ಟದ್ದು ಯಾವಾಗ? 2020-21ರಲ್ಲಿ. ಕೊರೋನಾ ವರ್ಷ. ಕೂಲಿ ನಿಂತಿದೆ, ಹೋಂಸ್ಟೇ ಮುಚ್ಚಿವೆ, ಹೋಟೆಲ್ ಬಾಗಿಲು ಹಾಕಿವೆ. ಆ ಹೊತ್ತಿಗೆ ಸರಿಯಾಗಿ ಮನೆಗೆ ಪೂರ್ತಿ ಶುಲ್ಕದ ಚೀಟಿ ಬಂತು. ಎಂಟು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಗುವನ್ನು ಏನು ಮಾಡುವುದು? ಸಾಲ ಮಾಡಿ ಅಲ್ಲೇ ಉಳಿಸಿದವರಿದ್ದಾರೆ, ಕನ್ನಡ ಮಾಧ್ಯಮದ ಪ್ರೌಢಶಾಲೆಗೆ ತಂದು ಸೇರಿಸಿದವರಿದ್ದಾರೆ. ವಿಜ್ಞಾನದ ಒಂದೊಂದು ಪದವನ್ನೂ ಹೊಸದಾಗಿ ಕಲಿಯುತ್ತಾ ಒದ್ದಾಡಿದ ಮಕ್ಕಳು ನನ್ನ ಕಣ್ಣ ಮುಂದಿದ್ದಾರೆ.

ಅದೇ 8ನೇ ತರಗತಿಯಲ್ಲಿ ಎನ್‌ಎಂಎಂಎಸ್ ಅನ್ನುವ ಕೇಂದ್ರದ ವಿದ್ಯಾರ್ಥಿವೇತನದ ಪರೀಕ್ಷೆ ನಡೆಯುತ್ತದೆ. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಬಡ ಮಕ್ಕಳು ಪ್ರೌಢಶಾಲೆಯಲ್ಲಿ ಬಿಟ್ಟುಹೋಗಬಾರದು ಅಂತಲೇ ಮಾಡಿದ ಯೋಜನೆ. ಆದರೆ ಪರೀಕ್ಷೆ ಬರೆಯಲು ಮಗು ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ ಓದುತ್ತಿರಬೇಕು. ಆರ್‌ಟಿಇ ಮಗು ಓದುತ್ತಿರುವುದು ಖಾಸಗಿ ಶಾಲೆಯಲ್ಲಿ. ಬಡ ಮಗು ಅಂತ ಆ ಶಾಲೆಗೆ ಕಳಿಸಿದ್ದು ಸರ್ಕಾರ. ಆ ಶಾಲೆಯಲ್ಲಿ ಇದ್ದಾನೆ ಅಂತ ವಿದ್ಯಾರ್ಥಿವೇತನದಿಂದ ಹೊರಗಿಟ್ಟದ್ದೂ ಸರ್ಕಾರ. ಎರಡು ಯೋಜನೆ ಬರೆದವರು ಒಂದು ದಿನ ಒಂದೇ ಮೇಜಿನಲ್ಲಿ ಕೂತಿದ್ದರೆ ಸಾಕಿತ್ತು.

ಇನ್ನು ವಿದ್ಯಾರ್ಥಿವೇತನದ ವಿಷಯ. ಅಲ್ಲಿ ದುಡ್ಡು ನೇರ ಮಗುವಿನ ಖಾತೆಗೆ ಬರುತ್ತದೆ, ಮಧ್ಯವರ್ತಿ ಇಲ್ಲ, ಒಳ್ಳೆಯದೇ. ಆದರೆ ಆ ಖಾತೆಯವರೆಗೆ ಮಗು ಹೋಗಬೇಕಾದ ದಾರಿ ನೋಡಿ. ಸ್ಯಾಟ್ಸ್ ಸಂಖ್ಯೆ (ಶಾಲಾ ಮಕ್ಕಳ ಮಾಹಿತಿಯ ಸರ್ಕಾರಿ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ಸಂಖ್ಯೆ), ಆಧಾರ್, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಅದರ ಮೇಲಿರುವ ಆರ್‌ಡಿ ನಂಬರು ಅನ್ನುವ ಕ್ರಮಸಂಖ್ಯೆ, ಬ್ಯಾಂಕ್ ಖಾತೆ, ಆ ಖಾತೆಗೆ ಆಧಾರ್ ಜೋಡಣೆ, ಒಟಿಪಿ ಬರುವ ಮೊಬೈಲು. ಶಾಲೆಯಲ್ಲಿ ಮುತ್ತ ಅಂತ ಬರೆದು ಆಧಾರ್‌ನಲ್ಲಿ ಮುತ್ತು ಅಂತ ಇದ್ದರೆ ಅರ್ಜಿ ಅಲ್ಲಿಗೇ ನಿಂತಿತು. ಲೈನ್ ಮನೆಯವರಿಗೆ ಸ್ವಂತ ವಿಳಾಸ ಅಂತ ಇಲ್ಲ. ಈ ವರ್ಷ ಒಂದು ತೋಟ, ಮುಂದಿನ ವರ್ಷ ಇನ್ನೊಂದು. ನಾಡಕಚೇರಿಗೆ ಹೋಗಬೇಕೆಂದರೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ದಿನದ ಕೂಲಿ ಹೋಗುತ್ತದೆ. ಸರ್ವರ್ ಡೌನ್ ಅಂದರೆ ಮರುದಿನದ ಕೂಲಿಯೂ ಹೋಯಿತು. ಜೂನ್, ಜುಲೈ, ಆಗಸ್ಟಿನಲ್ಲಿ ನಮ್ಮಲ್ಲಿ ಕರೆಂಟ್ ಇರುವುದೇ ಅಪರೂಪ, ನೆಟ್‌ವರ್ಕ್ ಕೇಳಲೇಬೇಡಿ. ಡಿಸೆಂಬರಿನಿಂದ ಕಾಫಿ ಕುಯಿಲು. ಆಗ ತೋಟ ಬಿಟ್ಟು ಬರಲು ಆಗುವುದಿಲ್ಲ, ದೊಡ್ಡ ಮಕ್ಕಳು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಶಾಲೆ ಬಿಡುತ್ತಾರೆ. ಹಾಜರಾತಿ ಕಡಿಮೆಯಾಯಿತು ಅಂದರೆ ಅದೂ ಮಗುವಿನ ತಪ್ಪು. ಬೆಂಗಳೂರಿನಲ್ಲಿ ಕೂತು ಕೊನೆಯ ದಿನಾಂಕ ನಿಗದಿ ಮಾಡುವವರಿಗೆ ನಮ್ಮ ಮಳೆಯ ಲೆಕ್ಕವೂ ಗೊತ್ತಿಲ್ಲ, ಕುಯಿಲಿನ ಲೆಕ್ಕವೂ ಗೊತ್ತಿಲ್ಲ.

ಬೆಟ್ಟಕುರುಬರ ಮಕ್ಕಳ ಉದಾಹರಣೆ ಕೊಡುತ್ತೇನೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಕಾಡುಕುರುಬ ಇತ್ತು, ಜೇನುಕುರುಬ ಇತ್ತು, ಯರವ ಇತ್ತು. ಬೆಟ್ಟಕುರುಬ ಇರಲಿಲ್ಲ. ಆ ಪಟ್ಟಿಯಲ್ಲಿ ಒಂದಕ್ಷರ ಬದಲಿಸಬೇಕೆಂದರೂ ಸಂಸತ್ತೇ ಮಾಡಬೇಕು. ಕಾಡುಕುರುಬದ ಜೊತೆಗೆ ಬೆಟ್ಟಕುರುಬವನ್ನೂ ಸೇರಿಸುವ ಮಸೂದೆಯನ್ನು ಲೋಕಸಭೆ ಒಪ್ಪಿದ್ದು 2022ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಶಾಲೆಯ ದಾಖಲೆಯಲ್ಲಿ ತಮ್ಮ ಕುಲವನ್ನು ಇದ್ದ ಹಾಗೆ ಬರೆಸಿದವರಿಗೇ ತೊಡಕು. ಎಷ್ಟು ತಲೆಮಾರಿನ ಮಕ್ಕಳ ಪ್ರಿ-ಮೆಟ್ರಿಕ್, ಪೋಸ್ಟ್-ಮೆಟ್ರಿಕ್ ವಿದ್ಯಾರ್ಥಿವೇತನ (10ನೇ ತರಗತಿವರೆಗಿನದು, ಆಮೇಲಿನದು), ಹಾಸ್ಟೆಲ್ ಸೀಟು ಆ ನಡುವೆ ಸೋರಿಹೋಯಿತೋ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳದ್ದು ಇನ್ನೊಂದು ಪಾಡು. ಒಂದು ರಾಜ್ಯದ ಪಟ್ಟಿಯಲ್ಲಿದ್ದವರಿಗೆ ಇನ್ನೊಂದು ರಾಜ್ಯದಲ್ಲಿ ಆ ಸವಲತ್ತು ಸಿಗುವುದಿಲ್ಲ. ಆ ಮಕ್ಕಳು ನಮ್ಮ ಸರ್ಕಾರಿ ಶಾಲೆಗಳ ಬೆಂಚಿನಲ್ಲಿದ್ದಾರೆ, ವಿದ್ಯಾರ್ಥಿವೇತನದ ಪಟ್ಟಿಯಲ್ಲಿಲ್ಲ.

ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ಅಲ್ಪಸಂಖ್ಯಾತ ಮಕ್ಕಳ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನವನ್ನು 9 ಮತ್ತು 10ನೇ ತರಗತಿಗೆ ಮಾತ್ರ ಉಳಿಸಿಕೊಂಡಿತು. ಕಾರಣ ಏನು ಕೊಟ್ಟಿತು ಗೊತ್ತಾ? 8ನೇ ತರಗತಿವರೆಗೆ ಶಿಕ್ಷಣ ಹಕ್ಕು ಕಾಯ್ದೆಯಡಿ ಓದು ಉಚಿತ ಇದೆಯಲ್ಲ ಅಂತ. ಉಚಿತ ಅನ್ನುವವರು ಜುಲೈ ತಿಂಗಳಲ್ಲಿ ಒಂದು ವಾರ ನಾಪೋಕ್ಲಿನಿಂದ ಒಳಗೆ ನಡೆದು ಶಾಲೆಗೆ ಹೋಗಿ ನೋಡಬೇಕು. ರೈನ್‌ಕೋಟು, ಕೊಡೆ, ಒಣಗದ ಶೂ, ನೆಂದು ಹಾಳಾದ ನೋಟ್‌ಬುಕ್ಕು, ಇವೆಲ್ಲ ಯಾವ ಲೆಕ್ಕದಲ್ಲಿ ಬರುತ್ತವೆ? (ಇಲ್ಲಿ ಇನ್ನೊಂದು ಮಾತು ನೆನಪಾಯಿತು. 2006-07ರಲ್ಲಿ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಬಯಲುಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಅದರಿಂದ ಬಹಳ ಉಪಕಾರ ಆಯಿತು. ನಮ್ಮ ಏರುದಾರಿಯಲ್ಲಿ ಮಕ್ಕಳು ಸೈಕಲ್ ಹತ್ತಿದ್ದಕ್ಕಿಂತ ತಳ್ಳಿದ್ದೇ ಜಾಸ್ತಿ.)

ಈ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬರು ಅಮ್ಮ ಎದ್ದು ಕೇಳಿದರು: "ಸಾರ್, ದಾಖಲೆ ಕೇಳದಿದ್ದರೆ ಸುಳ್ಳು ಅರ್ಜಿ ಹಾಕುವವರು ತುಂಬಿಕೊಳ್ಳುವುದಿಲ್ವಾ?"

ಸರಿಯಾದ ಪ್ರಶ್ನೆ. ಸುಳ್ಳು ಇದ್ದೇ ಇದೆ. ಆದರೆ ದೊಡ್ಡ ಸುಳ್ಳು ಎಲ್ಲಿಂದ ಬರುತ್ತದೆ ನೋಡಿ. ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ ತನ್ನ ವಿದ್ಯಾರ್ಥಿವೇತನ ಯೋಜನೆಯಲ್ಲಿದ್ದ 1,572 ಸಂಸ್ಥೆಗಳನ್ನು ತಪಾಸಣೆ ಮಾಡಿಸಿತು. ಅದರಲ್ಲಿ 830 ನಕಲಿ, ಇಲ್ಲವೇ ನಡೆಯುತ್ತಲೇ ಇಲ್ಲದವು. ಸುಮಾರು 144 ಕೋಟಿ ರೂಪಾಯಿ ಹೋಗಿತ್ತು. 2023ರಲ್ಲಿ ವಿಷಯ ಸಿಬಿಐಗೆ ಹೋಯಿತು. ಮೋಸದ ಬೇರು ಇದ್ದದ್ದು ಸಂಸ್ಥೆಗಳಲ್ಲಿ. ಮುತ್ತನ ಅಪ್ಪ ಮುತ್ತು ಅಂತ ಬರೆಸಿದ್ದರಿಂದ 144 ಕೋಟಿ ಹೋಗಲಿಲ್ಲ. ಹೀಗಿದ್ದರೂ ಪ್ರತಿ ಹಗರಣದ ನಂತರ ಒಂದು ಹೊಸ ದಾಖಲೆ ಸೇರುವುದು ಮಗುವಿನ ಅರ್ಜಿಗೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

ಖಾಸಗಿ ಶಾಲೆಗೆ ಸರ್ಕಾರದ ದುಡ್ಡು ಕೊಡುವುದೇ ತಪ್ಪು ಅನ್ನುವವರಿಗೆ ನೆದರ್‌ಲ್ಯಾಂಡ್ಸ್ ಉದಾಹರಣೆ ಇದೆ. ಅಲ್ಲಿ 1917ರಿಂದ ಸಂವಿಧಾನದಲ್ಲೇ ಸಮಾನ ಅನುದಾನ. ಮೂರರಲ್ಲಿ ಎರಡು ಪಾಲು ಮಕ್ಕಳು ಸಂಘ ಸಂಸ್ಥೆಗಳ ಶಾಲೆಯಲ್ಲೇ ಓದುತ್ತಾರೆ. ಆದರೆ ದುಡ್ಡು ತಗೊಂಡ ಶಾಲೆ ಕಡ್ಡಾಯ ಶುಲ್ಕ ಕೇಳುವಂತಿಲ್ಲ. ದುಡ್ಡು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಚಿಲಿ ದೇಶವನ್ನು ನೋಡಬೇಕು. ಅಲ್ಲಿ 1981ರಿಂದ ಮಗು ಹೋದ ಶಾಲೆಗೆ ಸರ್ಕಾರದ ದುಡ್ಡು, ಅದು ಖಾಸಗಿಯಾದರೂ ಸರಿ. 1993ರಿಂದ ಅದರ ಮೇಲೆ ಪೋಷಕರಿಂದಲೂ ಶುಲ್ಕ ತಗೊಳ್ಳಲು ಬಿಟ್ಟರು. ಶಾಲೆಗಳು ಮಕ್ಕಳನ್ನು ಆರಿಸತೊಡಗಿದವು, ಬಡವರ ಮಕ್ಕಳು ಒಂದು ಕಡೆ, ಉಳ್ಳವರ ಮಕ್ಕಳು ಇನ್ನೊಂದು ಕಡೆ ಆದರು. ವಿದ್ಯಾರ್ಥಿಗಳೇ ಬೀದಿಗಿಳಿದರು. 2008ರಲ್ಲಿ ಬಡ ಮಗುವಿಗೆ ಹೆಚ್ಚು ದುಡ್ಡು ಅಂತ ಮಾಡಿದರು. 2015ರ ಕಾನೂನಿನಲ್ಲಿ ಸರ್ಕಾರದ ದುಡ್ಡು ತಗೊಳ್ಳುವ ಶಾಲೆ ಲಾಭ ಮಾಡುವಂತಿಲ್ಲ, ಮಕ್ಕಳನ್ನು ಆರಿಸುವಂತಿಲ್ಲ, ಮೇಲಿನ ಶುಲ್ಕವನ್ನು ಹಂತಹಂತವಾಗಿ ಬಿಡಬೇಕು ಅಂತ ಆಯಿತು. ಷರತ್ತನ್ನು ಶಾಲೆಯ ಮೇಲೆ ಹಾಕಲು ಅವರಿಗೆ ಮೂವತ್ತು ವರ್ಷ ಮೇಲಾಯಿತು.

ನಮ್ಮ ಜಿಲ್ಲೆಯಲ್ಲಿ ಏನು ಮಾಡಬಹುದು ಅಂತ ಕೇಳುತ್ತೀರಿ. ದೊಡ್ಡ ಕಾನೂನು ಬೆಂಗಳೂರು, ದೆಹಲಿಯಲ್ಲಿ ಆಗಬೇಕು. ಆರ್‌ಟಿಇ ಮಗುವನ್ನು 10ನೇ ತರಗತಿವರೆಗೆ ಮುಂದುವರಿಸಬೇಕು, ಇಲ್ಲವಾದರೆ ಎನ್‌ಎಂಎಂಎಸ್ ಬಾಗಿಲನ್ನಾದರೂ ತೆರೆಯಬೇಕು ಅಂತ ನಾವು ಇಲ್ಲಿಂದಲೇ ಬರೆಯಬಹುದು. ಆದರೆ ಕೆಲವು ಕೆಲಸಕ್ಕೆ ಯಾರ ಕಾನೂನೂ ಬೇಕಿಲ್ಲ. ಕುಯಿಲು ಶುರುವಾಗುವ ಮೊದಲು, ನವೆಂಬರಿನಲ್ಲಿ, ನಾಡಕಚೇರಿಯವರು, ಬ್ಯಾಂಕಿನವರು, ಆಧಾರ್‌ನವರು ಒಂದೇ ದಿನ ಒಂದೇ ಶಾಲೆಗೆ ಬಂದರೆ ಆ ಸುತ್ತಿನ ಲೈನ್ ಮನೆಗಳ ಅರ್ಧ ತೊಂದರೆ ಮುಗಿಯುತ್ತದೆ. ಭಾನುವಾರ ಬೇಡ, ಅದು ಸಂತೆಯ ದಿನ. ಅರ್ಜಿ ಹಾಕಿಸುವ ಹೊಣೆ ಶಾಲೆಯದ್ದು ಅಂತ ಆಗಬೇಕು. ಸ್ಯಾಟ್ಸ್ ಶಾಲೆಯ ಕೈಯಲ್ಲೇ ಇದೆ, ಯಾವ ಮಗುವಿಗೆ ಅರ್ಹತೆ ಇದ್ದೂ ದುಡ್ಡು ಬಂದಿಲ್ಲ ಅನ್ನುವುದು ಮುಖ್ಯ ಶಿಕ್ಷಕರಿಗೆ ಗೊತ್ತೇ ಇರುತ್ತದೆ.

ಬೆಳೆಗಾರರಿಗೂ ಒಂದು ಮಾತು, ಇಲ್ಲಿ ಹಲವರು ಇದ್ದೀರಿ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲಿ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಓದಿನ ವ್ಯವಸ್ಥೆ ಮಾಲೀಕರದ್ದು ಅಂತ ಇತ್ತು. ನಮ್ಮಲ್ಲಿ ಹೆಚ್ಚಿನವರು ಸಣ್ಣ ಬೆಳೆಗಾರರು, ಆ ಲೆಕ್ಕಕ್ಕೆ ಬರುವುದೇ ಇಲ್ಲ. ಬರಬೇಕಾಗಿಯೂ ಇಲ್ಲ. ಈ ಕುಟುಂಬ ನಮ್ಮ ಲೈನ್ ಮನೆಯಲ್ಲಿ ವಾಸ ಇದೆ ಅಂತ ಒಂದು ಪತ್ರ ಬರೆದುಕೊಟ್ಟು, ನಾಡಕಚೇರಿಗೆ ಹೋದ ದಿನದ ಕೂಲಿ ಹಿಡಿಯದೆ ಬಿಟ್ಟರೆ ಸಾಕು.

ಕೊನೆಗೆ ಒಬ್ಬ ಯುವಕರು ಕೇಳಿದರು, ಬಹುಶಃ ಈ ಸಭೆಯ ಅತಿ ಉಪಯೋಗದ ಪ್ರಶ್ನೆ: "ಆರ್‌ಟಿಇ ಸೀಟಿನಲ್ಲಿ ಓದುವ ನನ್ನ ಮಗಳಿಗೆ ಅಭಿವೃದ್ಧಿ ನಿಧಿ ಕಟ್ಟಿ ಅಂತ ಶಾಲೆಯವರು ಬಾಯಿಮಾತಿನಲ್ಲಿ ಹೇಳುತ್ತಾರೆ, ರಸೀದಿ ಕೊಡುವುದಿಲ್ಲ. ಏನು ಮಾಡಲಿ ಸಾರ್?"

ಬಾಯಿಮಾತಿಗೆ ಬಾಯಿಮಾತಿನಲ್ಲಿ ಉತ್ತರ ಕೊಡಬೇಡಿ. ಯಾವ ಬಾಬ್ತು, ಎಷ್ಟು ಅಂತ ಬರೆದು ಕೊಡಿ ಅಂತ ಮುಖ್ಯ ಶಿಕ್ಷಕರನ್ನು ಕೇಳಿ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮಿನಲ್ಲಿ ಸೇರಿಸಿಕೊಳ್ಳಲು ವಂತಿಗೆ ಪಡೆದ ಶಾಲೆಗೆ ಆ ಮೊತ್ತದ ಹತ್ತು ಪಟ್ಟಿನವರೆಗೆ ದಂಡ ಇದೆ, ಅದನ್ನು ನಿಮ್ಮ ಅರ್ಜಿಯಲ್ಲಿ ನಮೂದಿಸಿ. ಅವರು ಬರೆದು ಕೊಡದಿದ್ದರೆ ನೀವೇ ಬರೆದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ, ನಿಮ್ಮ ಪ್ರತಿಗೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಒಬ್ಬರೇ ಹೋಗಬೇಡಿ. ಅದೇ ತರಗತಿಯಲ್ಲಿ ಆರ್‌ಟಿಇ ಮಕ್ಕಳ ಪೋಷಕರು ಇನ್ನೂ ನಾಲ್ಕೈದು ಜನ ಇರುತ್ತಾರೆ, ಅವರನ್ನೂ ಕರೆದುಕೊಂಡು ಹೋಗಿ. ಅರ್ಜಿ ಬರೆಯಲು ಬರದಿದ್ದರೆ ಸಭೆ ಮುಗಿದ ಮೇಲೆ ಇಲ್ಲೇ ಇರಿ, ಕೂತು ಬರೆಯೋಣ.